ಕರ್ನಲ್ ಅಪ್‌ಗ್ರೇಡ್ ಆದ ಮೇಲೆ ಆಟಗಳು ಕುಂಟಿದರೆ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಮತ್ತು ವಿಂಡೋಸ್ ಎರಡೂ ಇವೆ. ಇಂಟೆಲ್ ಪ್ರೊಸೆಸರ್, ಜೊತೆಗೆ ಎನ್‌ವಿಡಿಯಾ ಗ್ರಾಫಿಕ್ಸ್. ಎನ್‌ವಿಡಿಯಾ ಡ್ರೈವರನ್ನು ಕಂಪನಿಯ ತಾಣದಿಂದ ಡೌನ್‌ಲೋಡ್ ಮಾಡಿದ ಫೈಲ್‌ನಿಂದ ಹಾಕಿಕೊಂಡಿದ್ದೆ. ಸ್ಟೀಮ್‌ನ ಪ್ರೋಟಾನ್ ಮೂಲಕ ವಿಂಡೋಸ್ ಆಟಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಬಹಳ ತಿಂಗಳ ನಂತರ ಅಪ್‌ಡೇಟ್ ಮಾಡಿದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, 6.8ರಿಂದ 6.14ಕ್ಕೆ ಏರಿತು. ಅಂದಿನಿಂದ ಒಂದು ಆಟ ಸೆಕೆಂಡಿಗೆ ಹತ್ತು ಫ್ರೇಮ್‌ಗೆ ಇಳಿದಿದೆ, ಇನ್ನೊಂದು ಪ್ಲೇ ಒತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದೆ, ಎಚ್‌ಡಿಎಂಐಗೆ ಹಾಕಿದ ಮಾನಿಟರ್‌ನಲ್ಲಿ ಚಿತ್ರವೇ ಬರುತ್ತಿಲ್ಲ. ಪ್ರೋಟಾನ್ ಆವೃತ್ತಿ ಬದಲಿಸಿ ನೋಡಿದೆ, ಆಟ ತೆಗೆದು ಮತ್ತೆ ಹಾಕಿದೆ. ಪ್ರಯೋಜನವಾಗಲಿಲ್ಲ. ಹಳೇ ಕರ್ನಲ್‌ನಲ್ಲೇ ಉಳಿದುಬಿಡಲೇ?

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳಲ್ಲಿ ಆಟಗಳಿಗಿಂತ ಹೆಚ್ಚು ಸುಳಿವು ಕೊಡುವುದು ಆ ಮಾನಿಟರ್. ಎರಡು ಗ್ರಾಫಿಕ್ಸ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆ ಇಂಟೆಲ್ ಚಿಪ್ಪಿಗೆ ಸೇರಿರುತ್ತದೆ, ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾ ಚಿಪ್ಪಿಗೆ ಸೇರಿರುತ್ತದೆ. ಮಾನಿಟರ್ ಕಪ್ಪಾಗಿ ಆಟವೂ ತೆವಳುತ್ತಿದೆ ಎಂದರೆ ಎನ್‌ವಿಡಿಯಾ ಚಿಪ್ಪು ಕೆಲಸಕ್ಕೇ ಬಂದಿಲ್ಲ, ಇಡೀ ಹೊರೆಯನ್ನು ಇಂಟೆಲ್ ಹೊತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಮುಚ್ಚಿಕೊಳ್ಳುವ ಆಟಕ್ಕೂ ಇದೇ ಕಾರಣವಿರಬಹುದು. ಸ್ಟೀಮ್‌ನಲ್ಲಿ ಅದರ ಲಾಂಚ್ ಆಪ್ಶನ್‌ನಲ್ಲಿ ‘ಪ್ರೈಮ್-ರನ್’ (ಎನ್‌ವಿಡಿಯಾ ಮೇಲೇ ಓಡಿಸು ಎಂಬ ಕಮಾಂಡ್) ಎಂದು ಬರೆದಿಟ್ಟಿದ್ದರೆ ಅದು ಸಿಗದ ಚಿಪ್ಪನ್ನು ಹುಡುಕಿ ಕೈಚೆಲ್ಲುತ್ತದೆ. ಹಾಗೆ ಬರೆದಿಲ್ಲವಾದರೆ, ಇಂಟೆಲ್ ಚಿಪ್ಪಿನಲ್ಲಿ ಇಲ್ಲದ ಸೌಲಭ್ಯವನ್ನು ಆಟ ಕೇಳುತ್ತಿರಬಹುದು.

ಪ್ರೋಟಾನ್ ಬದಲಿಸಿದರೆ ಏಕೆ ಉಪಯೋಗವಾಗಲಿಲ್ಲ ಎಂಬುದೂ ಇದರಿಂದ ಗೊತ್ತಾಗುತ್ತದೆ. ವಿಂಡೋಸ್ ಆಟ ಚಿತ್ರ ಬಿಡಿಸಲು ಡೈರೆಕ್ಟ್3ಡಿ ಎಂಬ ವಿಂಡೋಸ್ ಭಾಷೆಯಲ್ಲಿ ಮಾತಾಡುತ್ತದೆ. ಪ್ರೋಟಾನ್‌ನೊಳಗಿನ ಡಿಎಕ್ಸ್‌ವಿಕೆ 8ರಿಂದ 11ರವರೆಗಿನ ಆವೃತ್ತಿಗಳನ್ನು, ವಿಕೆಡಿ3ಡಿ-ಪ್ರೋಟಾನ್ 12ನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಗ್ರಾಫಿಕ್ಸ್ ಭಾಷೆಗೆ ತಿರುಗಿಸುತ್ತವೆ. ವಲ್ಕನ್ ಕರೆ ಎನ್‌ವಿಡಿಯಾದ ಲೈಬ್ರರಿಗೆ ಹೋಗುತ್ತದೆ, ಲೈಬ್ರರಿ ಕರ್ನಲ್‌ನೊಳಗಿನ ಎನ್‌ವಿಡಿಯಾ ಮಾಡ್ಯೂಲನ್ನು, ಅಂದರೆ ಚಿಪ್ಪನ್ನು ನಡೆಸುವ ಡ್ರೈವರ್ ತುಣುಕನ್ನು, ಕೇಳುತ್ತದೆ. ಕೆಳಗಿನ ಮಾಡ್ಯೂಲೇ ಇಲ್ಲದಿದ್ದರೆ ಮೇಲೆ ಯಾವ ಪ್ರೋಟಾನ್ ಕೂರಿಸಿದರೂ ಒಂದೇ. ಆದ್ದರಿಂದ ಕರ್ನಲ್ ಬದಲಾದ ಮೇಲೆ ಕೆಟ್ಟದ್ದನ್ನು ಕೆಳಗಿನಿಂದ ಮೇಲಕ್ಕೆ ಹುಡುಕಿಕೊಂಡು ಬರಬೇಕು.

ಮೊದಲ ಪರೀಕ್ಷೆಗೆ ಟರ್ಮಿನಲ್ ಕೂಡ ಬೇಕಿಲ್ಲ. ಯಂತ್ರ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ ಗ್ರಬ್ ಮೆನು (ಯಾವ ಕರ್ನಲ್‌ನಿಂದ ಶುರು ಮಾಡಬೇಕೆಂದು ಆರಿಸುವ ಪಟ್ಟಿ) ತೆರೆಯಿರಿ. ಯುಇಎಫ್‌ಐ ಇಲ್ಲದ ಹಳೆಯ ಯಂತ್ರಗಳಲ್ಲಿ ಶಿಫ್ಟ್ ಒತ್ತಿ ಹಿಡಿಯಬೇಕು. ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಹೋಗಿ 6.8 ಕರ್ನಲ್ ಆರಿಸಿ. ಉಬುಂಟು ಹಿಂದಿನ ಒಂದು ಕರ್ನಲನ್ನಾದರೂ ಉಳಿಸಿಕೊಂಡಿರುತ್ತದೆ. ಅದರಲ್ಲಿ ಮಾನಿಟರ್ ಬೆಳಗಿ, ಆಟವೂ ಮೊದಲಿನಂತೆ ನಡೆದರೆ ಪ್ರೋಟಾನ್, ಸ್ಟೀಮ್, ಆಟದ ಫೈಲ್ ಎಲ್ಲವೂ ನಿರಪರಾಧಿಗಳು. ಹಳೆಯ ಕರ್ನಲ್‌ನಲ್ಲೂ ತೊಂದರೆ ಹಾಗೇ ಇದ್ದರೆ ಕರ್ನಲನ್ನು ಬಿಟ್ಟು, ಅದೇ ಅಪ್‌ಡೇಟ್‌ನಲ್ಲಿ ಬಂದ ಬೇರೆ ಪ್ಯಾಕೇಜ್‌ಗಳ ಕಡೆ ತಿರುಗಬೇಕು.

ಈಗ ಹೊಸ ಕರ್ನಲ್‌ಗೆ ಮರಳಿ ಟರ್ಮಿನಲ್ ತೆರೆಯಿರಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳನ್ನೇ ಬಳಸಿ. ‘ಯುನೇಮ್ -ಆರ್’ ಎಂದರೆ ಈಗ ನಡೆಯುತ್ತಿರುವ ಕರ್ನಲ್‌ನ ಪೂರ್ತಿ ಹೆಸರು ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟು ಎನ್‌ವಿಡಿಯಾ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದು ಏನಿದೆ ನೋಡಿ. ಅಲ್ಲಿ ಎನ್‌ವಿಡಿಯಾ ಎಂದಿದ್ದರೆ ಸರಿ. ನೂವೋ ಎಂದಿದ್ದರೆ ಕರ್ನಲ್‌ನ ಜೊತೆ ಬರುವ ಮುಕ್ತ ಡ್ರೈವರ್ ಚಿಪ್ಪನ್ನು ಹಿಡಿದುಕೊಂಡಿದೆ. ಆ ಸಾಲೇ ಇಲ್ಲದಿದ್ದರೆ ಯಾವ ಡ್ರೈವರೂ ಇಲ್ಲ. ನಿಮ್ಮಲ್ಲಿ ಕಾಣುವುದು ಬಹುಶಃ ಈ ಮೂರನೆಯದು. ಕಂಪನಿಯ ಇನ್‌ಸ್ಟಾಲರ್ ಸಾಮಾನ್ಯವಾಗಿ ನೂವೋ ಲೋಡ್ ಆಗದಂತೆ ಒಂದು ಕಾನ್ಫಿಗ್ ಫೈಲ್ ಬರೆದಿಟ್ಟಿರುತ್ತದೆ. ಹಾಗಾಗಿ ಎನ್‌ವಿಡಿಯಾ ಮಾಡ್ಯೂಲ್ ಬಾರದಿದ್ದಾಗ ಆ ಜಾಗಕ್ಕೆ ನೂವೋ ಕೂಡ ಬರುವುದಿಲ್ಲ.

ನಂತರ ‘ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ’ ಎಂದು ಮಾಡ್ಯೂಲನ್ನು ಕೈಯಾರೆ ಲೋಡ್ ಮಾಡಿ ನೋಡಿ. ಇದು ಕೊಡುವ ಉತ್ತರವೇ ಅರ್ಧ ರೋಗನಿರ್ಣಯ. ‘ಮಾಡ್ಯೂಲ್ ನಾಟ್ ಫೌಂಡ್’ ಎಂದರೆ ಈ ಕರ್ನಲ್‌ಗಾಗಿ ಮಾಡ್ಯೂಲ್ ತಯಾರೇ ಆಗಿಲ್ಲ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದರೆ ಮಾಡ್ಯೂಲ್ ಇದೆ, ಆದರೆ ನಂಬಿಕಸ್ಥ ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಅದರ ಸಹಿಯನ್ನು ಒಪ್ಪುತ್ತಿಲ್ಲ. ‘ನೋ ಸಚ್ ಡಿವೈಸ್’ ಎಂದರೆ ಮಾಡ್ಯೂಲ್ ಬಂತು, ಆದರೆ ತನಗೆ ಹೊಂದುವ ಚಿಪ್ಪು ಕಾಣಲಿಲ್ಲ; ಡ್ರೈವರ್ ಶಾಖೆ (580ರಂಥ ಆವೃತ್ತಿ ಸರಣಿ) ತಪ್ಪಿರಬಹುದು, ಇಲ್ಲವೇ ಚಿಪ್ಪನ್ನೇ ಎಲ್ಲೋ ಆಫ್ ಮಾಡಿಟ್ಟಿರಬಹುದು. ಏನೂ ಹೇಳದೆ ಸುಮ್ಮನಾದರೆ ಲೋಡ್ ಆಯಿತು ಎಂದೇ ಅರ್ಥ. ಆಗ ‘ಎನ್‌ವಿಡಿಯಾ-ಎಸ್‌ಎಂಐ’ ಕೊಡಿ. ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದು ಅದು ಗೊಣಗಿದರೆ ಹೆದರಬೇಡಿ. ಡ್ರೈವರ್ ಅಪ್‌ಡೇಟ್ ಆಗಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ ಇನ್ನೂ ಕೂತಿದೆ. ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಿಮಗೆ ‘ನಾಟ್ ಫೌಂಡ್’ ಬಂದೀತು ಎಂದು ಹೇಳುವುದಕ್ಕೆ ಕಾರಣವಿದೆ. ಕರ್ನಲ್ ಮಾಡ್ಯೂಲ್ ಎಂಬುದು ಒಂದು ನಿರ್ದಿಷ್ಟ ಕರ್ನಲ್‌ಗೆಂದೇ ಕಂಪೈಲ್ ಆದದ್ದು. 6.8ಕ್ಕೆ ಕಟ್ಟಿದ್ದು 6.14ರಲ್ಲಿ ಲೋಡ್ ಆಗುವುದಿಲ್ಲ. ಪ್ರತಿ ಹೊಸ ಕರ್ನಲ್ ಬಂದಾಗಲೂ ಮಾಡ್ಯೂಲನ್ನು ಮತ್ತೆ ಕಟ್ಟಿಕೊಡುವ ಕೆಲಸ ಡಿಕೆಎಂಎಸ್‌ನದ್ದು. ಕಂಪನಿಯ ಫೈಲ್‌ನಿಂದ ಡ್ರೈವರ್ ಹಾಕಿ, ಡಿಕೆಎಂಎಸ್‌ಗೆ ನೋಂದಾಯಿಸದಿದ್ದರೆ ಆಗ ಚಾಲೂ ಇದ್ದ ಕರ್ನಲ್‌ಗೆ ಮಾತ್ರ ಮಾಡ್ಯೂಲ್ ಇರುತ್ತದೆ. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ನೋಡಿ. ಎನ್‌ವಿಡಿಯಾ ಸಾಲೇ ಇಲ್ಲದಿದ್ದರೆ ವಿಷಯ ಇಷ್ಟೇ.

ಈ ಸ್ಥಿತಿಯಲ್ಲಿ ಅದೇ ಫೈಲನ್ನು ಮತ್ತೊಮ್ಮೆ ಓಡಿಸಿ ಸರಿಮಾಡಿಕೊಳ್ಳುವ ಆಸೆ ಬರುತ್ತದೆ. ಬೇಡ. ಮುಂದಿನ ಕರ್ನಲ್‌ಗೆ ಮತ್ತದೇ ಪಾಡು. ಅಲ್ಲದೆ ಆ ಇನ್‌ಸ್ಟಾಲರ್ ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ಗೆ ತಿಳಿಸದೆ ಲೈಬ್ರರಿಗಳನ್ನು ಕೂರಿಸುವುದರಿಂದ, ಮುಂದೆ ಆಪ್ಟ್ ಮೂಲಕ ಡ್ರೈವರ್ ಹಾಕಿದಾಗ ಎರಡೂ ಕಲಸುಮೇಲೋಗರವಾಗುತ್ತವೆ. ಬುಡಸಮೇತ ತೆಗೆಯಿರಿ. ಅದಕ್ಕೆ ಹೊಸ ಕರ್ನಲ್‌ನಲ್ಲಿದ್ದಾಗಲೇ ಒಳ್ಳೆಯ ಸಮಯ, ಏಕೆಂದರೆ ಮಾಡ್ಯೂಲ್ ಲೋಡ್ ಆಗಿರದ ಕಾರಣ ಪರದೆ ಅದನ್ನು ಹಿಡಿದುಕೊಂಡಿರುವುದಿಲ್ಲ. ‘ಸುಡೋ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಓಡಿಸಿ, ರೀಬೂಟ್ ಮಾಡಿ. ಆಮೇಲೆ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಎಂದರೆ ನಿಮ್ಮ ಚಿಪ್ಪಿಗೆ ಹೊಂದುವ ಶಾಖೆಗಳ ಪಟ್ಟಿ ಬರುತ್ತದೆ, ಒಂದರ ಪಕ್ಕ ‘ರೆಕಮೆಂಡೆಡ್’ ಎಂದಿರುತ್ತದೆ. ‘ಸುಡೋ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಅದನ್ನೇ ಹಾಕುತ್ತದೆ. ಈ ದಾರಿಯ ದೊಡ್ಡ ಲಾಭವೆಂದರೆ, ಸಾಮಾನ್ಯ ಕರ್ನಲ್‌ಗಳಿಗೆ ಉಬುಂಟುವೇ ಮೊದಲೇ ಕಟ್ಟಿ ಸಹಿ ಹಾಕಿದ ಎನ್‌ವಿಡಿಯಾ ಮಾಡ್ಯೂಲ್‌ಗಳನ್ನು ಕೊಡುತ್ತದೆ. ನಿಮ್ಮ ಯಂತ್ರದಲ್ಲಿ ಏನೂ ಕಂಪೈಲ್ ಆಗಬೇಕಿಲ್ಲ, ಸೆಕ್ಯೂರ್ ಬೂಟ್ ಜೊತೆ ಜಗಳವೂ ಇಲ್ಲ.

ಪಟ್ಟಿಯಲ್ಲಿ ಕೆಲವು ಹೆಸರುಗಳ ಕೊನೆಗೆ ‘ಓಪನ್’ ಎಂದಿರುತ್ತದೆ. ಅದು ಎನ್‌ವಿಡಿಯಾದ್ದೇ ಮುಕ್ತ ಕರ್ನಲ್ ಮಾಡ್ಯೂಲ್. ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅವುಗಳ ನಂತರದ ಸರಣಿಗಳಿಗೆ ಅದು ನಡೆಯುತ್ತದೆ. ಆರ್‌ಟಿಎಕ್ಸ್ 50 ಸರಣಿಗೆ ಅದೇ ಬೇಕು, ಬೇರೆಯದು ಚಿಪ್ಪನ್ನು ಗುರುತಿಸುವುದೇ ಇಲ್ಲ. ಜಿಟಿಎಕ್ಸ್ 10 ಸರಣಿಯವರು ‘ಓಪನ್’ ಮುಟ್ಟಬಾರದು, ಅವರಿಗೆ 580 ಕೊನೆಯ ಶಾಖೆ. ‘ನೋ ಸಚ್ ಡಿವೈಸ್’ ಬರುವವರಲ್ಲಿ ಅನೇಕರು ಎಡವುವುದು ಇಲ್ಲೇ.

ಡಿಕೆಎಂಎಸ್ ಇದ್ದೂ ಮಾಡ್ಯೂಲ್ ಕಟ್ಟಲಾಗದೆ ಸೋಲುವುದುಂಟು. ಹೆಚ್ಚಿನ ಸಲ ಮಾಡ್ಯೂಲ್ ಕಟ್ಟಲು ಬೇಕಾದ, ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಬಂದಿರುವುದಿಲ್ಲ. ‘ಲಿನಕ್ಸ್-ಹೆಡರ್ಸ್-’ ಎಂದು ಬರೆದು ಮುಂದೆ ನೀವು ಬರೆದಿಟ್ಟುಕೊಂಡ ಕರ್ನಲ್ ಹೆಸರನ್ನು ಸೇರಿಸಿ ಆಪ್ಟ್‌ನಿಂದ ಹಾಕಿ, ನಂತರ ‘ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಡಿ. ಹೆಡರ್ ಇದ್ದೂ ಸೋತರೆ ವಾರ್ ಡೈರೆಕ್ಟರಿಯ ಲಿಬ್ ಒಳಗಿನ ಡಿಕೆಎಂಎಸ್ ಫೋಲ್ಡರ್‌ನಲ್ಲಿ, ಎನ್‌ವಿಡಿಯಾ ಆವೃತ್ತಿಯ ಬಿಲ್ಡ್ ಫೋಲ್ಡರ್‌ನಲ್ಲಿ ‘ಮೇಕ್ ಡಾಟ್ ಲಾಗ್’ ಇರುತ್ತದೆ. ಅದರ ಕೊನೆಯ ಸಾಲು ನೋಡಿ ಪ್ರಯೋಜನವಿಲ್ಲ, ಅಲ್ಲಿ ಬರೀ ‘ಎರರ್ 2’ ಎಂದಿರುತ್ತದೆ. ಮೇಲಿನಿಂದ ಹುಡುಕುತ್ತಾ ಬಂದು ಮೊದಲು ಸಿಗುವ ‘ಎರರ್’ ಸಾಲನ್ನು ಓದಿ. ಗುರುತಿಲ್ಲದ ಕಂಪೈಲರ್ ಆಯ್ಕೆ ಎಂದು ದೂರಿದ್ದರೆ ಕರ್ನಲನ್ನು ಜಿಸಿಸಿ ಎಂಬ ಕಂಪೈಲರ್‌ನ ಒಂದು ಆವೃತ್ತಿಯಲ್ಲಿ ಕಟ್ಟಿದೆ, ನಿಮ್ಮಲ್ಲಿರುವುದು ಹಳೆಯದು. 22.04ರಲ್ಲಿ ಹೊಸ ಕರ್ನಲ್‌ಗಳು ಜಿಸಿಸಿ 12ರಲ್ಲಿ ಬಂದಾಗ, ಜಿಸಿಸಿ 11 ಮಾತ್ರ ಇದ್ದವರಿಗೆ ಇದೇ ಆಯಿತು. ಯಾವುದೋ ಫಂಕ್ಷನ್ ಇಲ್ಲ, ಆರ್ಗ್ಯುಮೆಂಟ್ ಹೊಂದುತ್ತಿಲ್ಲ ಎಂದಿದ್ದರೆ ಡ್ರೈವರ್ ಈ ಕರ್ನಲ್‌ಗಿಂತ ಹಳೆಯದು. ಹೊಸ ಡ್ರೈವರ್ ಹಾಕುವುದೊಂದೇ ದಾರಿ.

ಡಿಕೆಎಂಎಸ್ ದಾರಿಯಲ್ಲಿ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಅದು ಆನ್ ಇದೆಯೇ ಎಂದು ತಿಳಿಸುತ್ತದೆ. ಆನ್ ಇದ್ದರೆ, ಡಿಕೆಎಂಎಸ್ ಸಹಿಗೆ ಬಳಸುವ ಕೀಲಿಯನ್ನು ಫರ್ಮ್‌ವೇರ್‌ಗೆ ಪರಿಚಯಿಸಬೇಕು. ಉಬುಂಟುವಿನಲ್ಲಿ ಆ ಕೀಲಿ ವಾರ್ ಡೈರೆಕ್ಟರಿಯ ಲಿಬ್ ಒಳಗೆ ‘ಶಿಮ್-ಸೈನ್‌ಡ್’ ಫೋಲ್ಡರ್‌ನ ‘ಮೋಕ್’ ಎಂಬ ಒಳಫೋಲ್ಡರ್‌ನಲ್ಲಿ ಇರುತ್ತದೆ (ಮೋಕ್ ಎಂದರೆ ಯಂತ್ರದ ಮಾಲೀಕ ಸೇರಿಸುವ ಕೀಲಿ). ‘ಸುಡೋ ಮೋಕ್‌ಯುಟಿಲ್ --ಇಂಪೋರ್ಟ್’ ಮುಂದೆ ಆ ‘ಡಾಟ್ ಡಿಇಆರ್’ ಫೈಲ್‌ನ ವಿಳಾಸ ಕೊಟ್ಟರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದು ಒಂದೇ ಸಲದ ಬಳಕೆಗೆ. ಚಿಹ್ನೆಗಳನ್ನು ಬಿಟ್ಟು ಸರಳವಾದದ್ದನ್ನೇ ಇಡಿ, ಏಕೆಂದರೆ ಮುಂದಿನ ಪರದೆಗೆ ನಿಮ್ಮ ಕೀಬೋರ್ಡ್ ಲೇಔಟ್ ಗೊತ್ತಿರುವುದಿಲ್ಲ. ರೀಬೂಟ್ ಆದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿ, ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’ ಎಂದು ಸಾಗಿ ಪಾಸ್‌ವರ್ಡ್ ಕೊಡಿ. ಕಾಫಿಗೆ ಎದ್ದು ಹೋದಿರೋ, ಇಂಪೋರ್ಟ್‌ನಿಂದ ಮತ್ತೆ ಶುರು.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರಾಯಿತು ಎನ್ನುವವರು ಬಹಳ. ಆಗುತ್ತದೆ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಇದೆ. ಅದರ ಡ್ರೈವನ್ನು ಬಿಟ್‌ಲಾಕರ್ ಎನ್‌ಕ್ರಿಪ್ಟ್ ಮಾಡಿಟ್ಟಿದ್ದರೆ ಮುಂದಿನ ಸಲ ವಿಂಡೋಸ್ ರಿಕವರಿ ಕೀಲಿ ಕೇಳಿ ಕೂರುತ್ತದೆ. 48 ಅಂಕಿಯ ಆ ಕೀಲಿ ಕೈಯಲ್ಲಿ ಇಲ್ಲದೆ ಬಯೋಸ್ ಸೆಟ್ಟಿಂಗ್ ಮುಟ್ಟಬೇಡಿ.

ಡ್ರೈವರ್ ಬಂದ ಮೇಲೆ ‘ಎನ್‌ವಿಡಿಯಾ-ಎಸ್‌ಎಂಐ’ ಚಿಪ್ಪಿನ ಹೆಸರು, ಮೆಮೊರಿ ತೋರಿಸಬೇಕು. ಆಟ ನಡೆಯುತ್ತಿರುವಾಗ ಮತ್ತೆ ಕೊಟ್ಟರೆ ಕೆಳಗಿನ ಪಟ್ಟಿಯಲ್ಲಿ ಆಟದ ಪ್ರೋಗ್ರಾಂ ಕಾಣಬೇಕು. ಚಿಪ್ಪು ಸರಿಯಿದ್ದೂ ಆಟ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಇಂಟೆಲ್ ಮೇಲೆ ಓಡುತ್ತಿದೆ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಕೊಟ್ಟಾಗ ‘ಇಂಟೆಲ್’ ಎಂದು ಬಂದರೆ ‘ಸುಡೋ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್’ ಮಾಡಿ ರೀಬೂಟ್ ಮಾಡಿ. ಆನ್-ಡಿಮ್ಯಾಂಡ್‌ನಲ್ಲಿ ಡಿಎಕ್ಸ್‌ವಿಕೆ ಸಾಮಾನ್ಯವಾಗಿ ತಾನಾಗಿಯೇ ದೊಡ್ಡ ಚಿಪ್ಪನ್ನು ಆರಿಸಿಕೊಳ್ಳುತ್ತದೆ, ಓಪನ್‌ಜಿಎಲ್ ಎಂಬ ಇನ್ನೊಂದು ಗ್ರಾಫಿಕ್ಸ್ ಭಾಷೆಯ ಆಟಗಳಿಗೆ ಮಾತ್ರ ‘ಪ್ರೈಮ್-ರನ್ %ಕಮಾಂಡ್%’ ಎಂದು ಲಾಂಚ್ ಆಪ್ಶನ್‌ನಲ್ಲಿ ಹೇಳಬೇಕಾಗುತ್ತದೆ. ಬ್ಯಾಟರಿಯಲ್ಲಿ ಅಳೆದ ಫ್ರೇಮ್ ಲೆಕ್ಕವನ್ನು ನಂಬಬೇಡಿ. ಚಾರ್ಜರ್ ಹಾಕಿ, ಪವರ್ ಮೋಡ್ ‘ಪರ್ಫಾರ್ಮೆನ್ಸ್’ನಲ್ಲಿ ಇಟ್ಟೇ ಹಳತು ಹೊಸತನ್ನು ಹೋಲಿಸಿ. ಹೊಸ ಡ್ರೈವರ್ ಬಂದ ಮೊದಲ ಆಟದಲ್ಲಿ ಅಲ್ಲಲ್ಲಿ ತಡವರಿಸುವುದು ಸಹಜ. ಶೇಡರ್‌ಗಳ (ಚಿಪ್ಪಿನ ಮೇಲೆ ಓಡುವ ಸಣ್ಣ ಚಿತ್ರ-ಪ್ರೋಗ್ರಾಂಗಳ) ಹಳೆಯ ಸಂಗ್ರಹ ರದ್ದಾಗಿ ಎಲ್ಲವೂ ಮತ್ತೆ ಕಂಪೈಲ್ ಆಗುತ್ತಿರುತ್ತವೆ.

ಮುಚ್ಚಿಕೊಳ್ಳುವ ಆಟ ಆಗಲೂ ತೆರೆಯದಿದ್ದರೆ 32-ಬಿಟ್ ಲೈಬ್ರರಿಗಳನ್ನು ನೋಡಿ. ಹಳೆಯ ವಿಂಡೋಸ್ ಆಟಗಳು 32-ಬಿಟ್‌ನವೇ, ಅವುಗಳಿಗೆ ಎನ್‌ವಿಡಿಯಾದ 32-ಬಿಟ್ ಲೈಬ್ರರಿಯೂ ಅದೇ ಆವೃತ್ತಿಯದ್ದು ಇರಬೇಕು. ಆಪ್ಟ್‌ನಲ್ಲಿ ‘ಲಿಬ್‌ಎನ್‌ವಿಡಿಯಾ-ಜಿಎಲ್-’ ಹೆಸರಿನ ಮುಂದೆ ಶಾಖೆಯ ಸಂಖ್ಯೆ, ಕೊನೆಗೆ ‘:ಐ386’ ಸೇರಿಸಿದರೆ ಸಿಗುತ್ತದೆ. ಸ್ಟೀಮನ್ನು ಫ್ಲಾಟ್‌ಪ್ಯಾಕ್‌ನಲ್ಲಿ (ಪ್ರೋಗ್ರಾಂ ತನ್ನ ಲೈಬ್ರರಿಗಳ ಸಮೇತ ಪ್ರತ್ಯೇಕವಾಗಿ ಬರುವ ರೂಪದಲ್ಲಿ) ಹಾಕಿಕೊಂಡಿದ್ದರೆ ಹೊರಗಿನ ಲೈಬ್ರರಿ ಅದಕ್ಕೆ ಲೆಕ್ಕಕ್ಕಿಲ್ಲ. ಅದರದ್ದೇ ಎನ್‌ವಿಡಿಯಾ ತುಣುಕು ಕರ್ನಲ್ ಮಾಡ್ಯೂಲ್‌ನ ಆವೃತ್ತಿಗೆ ಅಕ್ಷರಶಃ ಹೊಂದಬೇಕು. ಡ್ರೈವರ್ ಬದಲಾದಾಗಲೆಲ್ಲ ‘ಫ್ಲಾಟ್‌ಪ್ಯಾಕ್ ಅಪ್‌ಡೇಟ್’ ಮರೆಯಬೇಡಿ. ಅದೇ ಬಗೆಯ ಇನ್ನೊಂದು ರೂಪವಾದ ಸ್ನ್ಯಾಪ್ ಸ್ಟೀಮ್ ಬಗ್ಗೆ ನನ್ನ ಸಲಹೆ ಚಿಕ್ಕದು: ತೆಗೆದು ವಾಲ್ವ್‌ನ ಡೆಬ್ ಪ್ಯಾಕೇಜ್ ಹಾಕಿ, ಹುಡುಕಬೇಕಾದ ಒಂದು ಪದರವಾದರೂ ಕಡಿಮೆಯಾಗುತ್ತದೆ.

ಅಲ್ಲಿಂದ ಮುಂದೆ ಪ್ರೋಟಾನ್ ಲಾಗ್. ಲಾಂಚ್ ಆಪ್ಶನ್‌ನಲ್ಲಿ ‘ಪ್ರೋಟಾನ್_ಲಾಗ್=1 %ಕಮಾಂಡ್%’ ಎಂದು ಬರೆಯಿರಿ; ಸಮ ಚಿಹ್ನೆಯ ಹಿಂದಿನ ಭಾಗ ಮಾತ್ರ ದೊಡ್ಡ ಅಕ್ಷರಗಳಲ್ಲಿ ಇರಬೇಕು. ಆಟ ಬಿದ್ದ ಮೇಲೆ ಹೋಮ್ ಫೋಲ್ಡರ್‌ನಲ್ಲಿ ಸ್ಟೀಮ್ ಎಂಬ ಹೆಸರು, ಆಟದ ಸಂಖ್ಯೆ ಇರುವ ಲಾಗ್ ಸಿಗುತ್ತದೆ. ಅದರ ತುಂಬ ‘ಫಿಕ್ಸ್‌ಮೀ’ ಸಾಲುಗಳಿರುತ್ತವೆ, ಬಹುತೇಕ ನಿರುಪದ್ರವಿ. ‘ನೋ ಅಡಾಪ್ಟರ್ಸ್ ಫೌಂಡ್’ ಎಂದಿದ್ದರೆ ವಲ್ಕನ್‌ಗೆ ಚಿಪ್ಪೇ ಕಾಣುತ್ತಿಲ್ಲ, ಮತ್ತೆ ಕೆಳಗಿಳಿದು ‘ವಲ್ಕನ್‌ಇನ್ಫೋ --ಸಮ್ಮರಿ’ ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಒಂದೇ ಇದ್ದರೆ ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆ ಎಂದು ಅರ್ಥ. ಗ್ರಾಫಿಕ್ಸ್ ಎಲ್ಲ ಸರಿಯಿದ್ದು ಒಂದೇ ಆಟ ಹಟ ಹಿಡಿದರೆ ಅದರ ಪ್ರಿಫಿಕ್ಸ್, ಅಂದರೆ ಪ್ರೋಟಾನ್ ಆ ಆಟಕ್ಕೆಂದು ಮಾಡಿಟ್ಟ ವಿಂಡೋಸ್‌ನಂಥ ಫೋಲ್ಡರ್, ಕೆಟ್ಟಿರಬಹುದು. ಸ್ಟೀಮ್‌ಆಪ್ಸ್ ಒಳಗಿನ ‘ಕಾಂಪಾಟ್‌ಡೇಟಾ’ದಲ್ಲಿ ಆ ಆಟದ ಸಂಖ್ಯೆಯ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿ. ಕ್ಲೌಡ್ ಸೇವ್ ಇಲ್ಲದ ಆಟಗಳ ಉಳಿಸಿದ ಹಂತಗಳು ಸಾಮಾನ್ಯವಾಗಿ ಅದರೊಳಗೇ ಇರುತ್ತವೆ.

ಆಟದ ಲೈಬ್ರರಿಯನ್ನು ವಿಂಡೋಸ್ ಪಾರ್ಟಿಶನ್‌ನಲ್ಲಿ ಇಟ್ಟಿದ್ದೀರಾ ಎಂದು ನೀವು ಹೇಳಿಲ್ಲ. ಇಟ್ಟಿದ್ದರೆ ಅದನ್ನೂ ಶಂಕಿತರ ಸಾಲಿಗೆ ಸೇರಿಸಿ. ಪ್ರೋಟಾನ್ ಪ್ರಿಫಿಕ್ಸ್ ಒಳಗೆ ‘ಸಿ:’ ಎಂಬ ಹೆಸರಿನ ಲಿಂಕ್ ಇರುತ್ತದೆ, ವಿಂಡೋಸ್‌ನ ನಿಯಮದಲ್ಲಿ ಅದರ ಪಾರ್ಟಿಶನ್ ಬಳಸುವ ಎನ್‌ಟಿಎಫ್‌ಎಸ್‌ನ ಫೈಲ್ ಹೆಸರಿಗೆ ಆ ಎರಡು ಚುಕ್ಕಿ ನಿಷಿದ್ಧ. ಇದರ ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂದದ್ದು ನಿಜವಾಗಿ ಅರ್ಧ ನಿದ್ದೆ. ಲಿನಕ್ಸ್ ಆ ಪಾರ್ಟಿಶನನ್ನು ಓದಲು ಮಾತ್ರ ಕೊಡಬಹುದು ಅಥವಾ ಮೌಂಟ್ ಮಾಡಲು ಒಪ್ಪದೇ ಇರಬಹುದು. ಬರೆಯಲಾಗದ ಜಾಗದಲ್ಲಿ ಪ್ರೋಟಾನ್ ಶುರುವಾಗುವುದಿಲ್ಲ. ಲೈಬ್ರರಿಯನ್ನು ಲಿನಕ್ಸ್‌ನ ಎಕ್ಸ್‌ಟಿ4 ಪಾರ್ಟಿಶನ್‌ಗೆ ಸಾಗಿಸಿ. ಜಾಗ ಸಾಲದೆ ಅಲ್ಲೇ ಇಡಲೇಬೇಕಾದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಕಾಂಪಾಟ್‌ಡೇಟಾ ಫೋಲ್ಡರನ್ನಾದರೂ ಲಿನಕ್ಸ್ ಕಡೆ ಇಟ್ಟು ಲಿಂಕ್ ಕೊಡಿ.

ಕರ್ನಲ್ ತಾನೇ ಆಟವನ್ನು ನಿಧಾನಿಸಿದ ಪ್ರಸಂಗವೂ ಇದೆ, ನಿಮ್ಮದು ಅದಲ್ಲ. 5.19ರಲ್ಲಿ ಸ್ಪ್ಲಿಟ್ ಲಾಕ್ (ಇಡೀ ಪ್ರೊಸೆಸರನ್ನೇ ತಡೆಹಿಡಿಯುವ ಒಂದು ಬಗೆಯ ಮೆಮೊರಿ ಬಳಕೆ) ಮಾಡುವ ಪ್ರೋಗ್ರಾಂಗಳನ್ನು ಬೇಕೆಂದೇ ತಡೆದು ನಿಲ್ಲಿಸುವ ನಿಯಮ ಬಂತು. ಈಚಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗಾಡ್ ಆಫ್ ವಾರ್‌ನಂಥ ಆಟ ಆಡಲಾಗದಷ್ಟು ಕುಂಟಿತು. 6.2ರಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ಸೇರಿತು: ‘ಕರ್ನಲ್.ಸ್ಪ್ಲಿಟ್_ಲಾಕ್_ಮಿಟಿಗೇಟ್=0’. 5.15ರಿಂದ ಜಿಗಿದು ಬಂದವರು ‘ಡಿಮೆಸೇಜ್’ನಲ್ಲಿ, ಅಂದರೆ ‘ಸುಡೋ ಡಿಎಂಇಎಸ್‌ಜಿ’ ಕೊಟ್ಟಾಗ, ‘ಸ್ಪ್ಲಿಟ್ ಲಾಕ್’ ಎಂಬ ಮಾತು ಕಂಡರೆ ಮಾತ್ರ ಇದನ್ನು ಬಳಸಲಿ. ನೀವಿದ್ದ 6.8ರಲ್ಲೂ ಈ ನಿಯಮ ಇತ್ತು.

ಇನ್ನು ಹಳೇ ಕರ್ನಲ್‌ನಲ್ಲಿ ಉಳಿಯುವ ಮಾತು. 24.04ರಲ್ಲಿ ಕರ್ನಲ್‌ಗಳ ಎರಡು ಸಾಲುಗಳಿವೆ. ಬಿಡುಗಡೆಯ ಜೊತೆ ಬಂದ 6.8 ಒಂದು, ಅದಕ್ಕೆ 2029ರವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ. ಹೊಸ ಯಂತ್ರಾಂಶಕ್ಕೆಂದು ಕೊಡುವ ಎಚ್‌ಡಬ್ಲ್ಯುಇ ಇನ್ನೊಂದು, ಅದು 6.11, 6.14 ಎಂದು ಮುಂದೆ ಮುಂದೆ ಸಾಗುತ್ತದೆ. ಅಲ್ಲಿ ಹೊಸದು ಬಂದ ಸ್ವಲ್ಪ ಕಾಲಕ್ಕೆ ಹಿಂದಿನದರ ಆರೈಕೆ ನಿಲ್ಲುತ್ತದೆ. ಆದ್ದರಿಂದ ‘ಆಪ್ಟ್-ಮಾರ್ಕ್ ಹೋಲ್ಡ್’ ಮಾಡಿ ಒಂದು ಕರ್ನಲನ್ನು ಹೆಪ್ಪುಗಟ್ಟಿಸುವುದನ್ನು ನಾನು ಒಪ್ಪುವುದಿಲ್ಲ, ತಿದ್ದುಪಡಿಗಳೂ ಅಲ್ಲೇ ನಿಲ್ಲುತ್ತವೆ. ಹೊಸ ಯಂತ್ರಾಂಶಕ್ಕೆ ಹೊಸ ಕರ್ನಲ್ ಬೇಕಿಲ್ಲದಿದ್ದರೆ ‘ಲಿನಕ್ಸ್-ಜೆನೆರಿಕ್’ ಪ್ಯಾಕೇಜ್ ಹಾಕಿ, ‘ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04’ ತೆಗೆಯಿರಿ. 6.8ರಲ್ಲೇ ಇದ್ದು ತಿದ್ದುಪಡಿ ಪಡೆಯುತ್ತಾ ಹೋಗಬಹುದು. ಆಡುವವರಿಗೆ 6.14ರಲ್ಲಿ ಒಂದು ಆಕರ್ಷಣೆ ಇದೆ: ವಿಂಡೋಸ್‌ನ ಥ್ರೆಡ್ ಹೊಂದಾಣಿಕೆಯನ್ನು ಕರ್ನಲ್‌ನಲ್ಲೇ ನಡೆಸಿಕೊಡುವ ಎನ್‌ಟಿಸಿಂಕ್ ಡ್ರೈವರ್ ಅದರಲ್ಲಿ ಪೂರ್ಣಗೊಂಡಿತು. ಅದನ್ನು ಬಳಸುವ ವೈನ್ (ಪ್ರೋಟಾನ್‌ಗೆ ಆಧಾರವಾದ ಪ್ರೋಗ್ರಾಂ) ಅಥವಾ ಪ್ರೋಟಾನ್ ಇದ್ದರೆ ಮಾತ್ರ ಲಾಭ. ಉಬುಂಟುವಿನ ತಿದ್ದುಪಡಿ ಇಲ್ಲದ ಮೇನ್‌ಲೈನ್ ಕರ್ನಲ್‌ಗಳನ್ನು ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಅವುಗಳಿಗೆ ಸೆಕ್ಯೂರ್ ಬೂಟ್ ಒಪ್ಪುವ ಸಹಿ ಇರುವುದಿಲ್ಲ, ಉಬುಂಟು ಕಟ್ಟಿದ ಎನ್‌ವಿಡಿಯಾ ಮಾಡ್ಯೂಲ್ ಸಿಗುವುದಿಲ್ಲ, ತಿದ್ದುಪಡಿ ತಾನಾಗಿ ಬರುವುದಿಲ್ಲ.

ಯಾವ ದಾರಿ ಹಿಡಿದರೂ ಮುಂದಿನ ಅಪ್‌ಡೇಟ್‌ಗೆ ಮುಂಚೆ ‘ಡಿಎಫ್ -ಎಚ್ /ಬೂಟ್’ ಕೊಟ್ಟು ಜಾಗ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ ಯಂತ್ರಗಳಲ್ಲಿ ಬೂಟ್ ಪ್ರತ್ಯೇಕ ಪಾರ್ಟಿಶನ್ ಆಗಿರುತ್ತದೆ. ಅದು ತುಂಬಿದರೆ ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಶುರುವಾಗಲು ಮೊದಲು ಬೇಕಾದ ಫೈಲ್‌ಗಳ ಗಂಟು) ಬರೆಯುವುದು ಅರ್ಧಕ್ಕೇ ನಿಂತು, ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂಬ ಪ್ಯಾನಿಕ್ ಬರುತ್ತದೆ. ಹಳೆಯ ಕರ್ನಲ್‌ಗಳನ್ನು ‘ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್’ನಿಂದ ತೆಗೆಯಿರಿ. ಬೂಟ್ ಒಳಗಿನ ಫೈಲ್‌ಗಳನ್ನು ಕೈಯಿಂದ ಅಳಿಸಿದರೆ ಆಪ್ಟ್‌ಗೆ ಗೊತ್ತಾಗದೆ ಮುಂದಿನ ಅಪ್‌ಡೇಟ್ ಸಿಕ್ಕಿಹಾಕಿಕೊಳ್ಳುತ್ತದೆ. ಚಾಲೂ ಇರುವುದರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕರ್ನಲ್ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ರೀಬೂಟ್ ಮಾಡಿ.